ಕಸದ ಫೋಲ್ಡರಿನಲ್ಲಿದ್ದ ದನಿ

ಗಂಟಲಿನ ಆಪರೇಷನ್ ಮುಗಿದು ಹುಬ್ಬಳ್ಳಿಯಿಂದ ರೋಣಕ್ಕೆ ಹೊರಡುವ ಮುಂಚೆ ಡಾಕ್ಟರರು ನನ್ನ ಅತ್ತೆಯನ್ನು ಹತ್ತಿರ ಕರೆದು ಹೇಳಿದರು: "ನಾನು ಮತ್ತೆ ನೋಡುವ ತನಕ ಇವರು ಒಂದು ಅಕ್ಷರವನ್ನೂ ಆಡಬಾರದು. ಪಿಸುಗುಟ್ಟುವುದೂ ಬೇಡ. ಗಾಯ ಮಾಗುವ ಮೊದಲು ಕೂಗಿದರೆ ಹೋದ ದನಿ ಹೋದಂತೆಯೇ." ಅತ್ತೆ ಗಂಭೀರವಾಗಿ ತಲೆಯಾಡಿಸಿದರು. ಬಸ್ಸಿನಲ್ಲಿ ಕೂತ ಮೇಲೆ ನನ್ನ ಮೊಣಕಾಲು ತಟ್ಟಿ, "ಮಾತು ಬಲ್ಲವಗ ಜಗಳಿಲ್ಲ ಅಂತಾರ. ಮಾತ ಆಡದಾಕಿಗೆ ಅಂತೂ ಎಲ್ಲೀ ಜಗಳಾ? ಇನ್ನ ನಮ್ಮ ಮನ್ಯಾಗ ಶಾಂತಿ ನೋಡವಾ" ಎಂದರು. ನನಗೆ ನಗು ಬರಲಿಲ್ಲ. ನನ್ನ ಅನ್ನ ಇದ್ದದ್ದೇ ಆ ಗಂಟಲಲ್ಲಿ.

ರೋಣ, ನರಗುಂದ, ಗಜೇಂದ್ರಗಡದ ಸುತ್ತಲಿನ ಹಳ್ಳಿಗಳಲ್ಲಿ ತಲೆಯ ಮೇಲೆ ಲೌಡ್‌ಸ್ಪೀಕರಿನ ಹಾರ್ನ್ ಕಟ್ಟಿಕೊಂಡು ಪ್ರಚಾರದ ಆಟೋ ತಿರುಗುತ್ತವಲ್ಲ, ಅವುಗಳೊಳಗಿನ ಹೆಂಗಸಿನ ದನಿ ನನ್ನದು. ಗಜೇಂದ್ರಗಡದ ಸೀರೆ ಅಂಗಡಿಯ ರಿಯಾಯಿತಿ, ನರಗುಂದದ ಕಣ್ಣಿನ ತಪಾಸಣೆ, ಪಂಚಾಯ್ತಿಯವರ ನಳದ ಸೂಚನೆ, ಯಾವುದೋ ಮನೆತನದ ಹಿರಿಯರು ತೀರಿಕೊಂಡ ಸುದ್ದಿ, ಎಲ್ಲವೂ ನನ್ನ ಬಾಯಿಂದಲೇ. ಗಂಡ ಲಾರಿ ಮೇಲೆ ಯಾವಾಗಲೂ ಪರರಾಜ್ಯದಲ್ಲಿ. ಮನೆಯ ಮುಂದಿನ ಕೋಣೆಯ ಗೋಡೆಗೆಲ್ಲ ಹಳೆಯ ಕೌದಿ ಬಡಿದು ಸ್ಟುಡಿಯೊ ಮಾಡಿಕೊಂಡಿದ್ದೇನೆ. ಬರೆಯುವವಳು, ಓದುವವಳು, ಕಂಪ್ಯೂಟರಿನಲ್ಲಿ ಕತ್ತರಿಸಿ ಜೋಡಿಸುವವಳು ಎಲ್ಲ ನಾನೇ.

ಪ್ರತಿಸಲವೂ ಹೊಸದಾಗಿ ಓದುವುದಿಲ್ಲ. ಒಮ್ಮೆ ಹೇಳಿದ ಊರಿನ ಹೆಸರು, ವಾರ, ಗಂಟೆ, ಸಾಮಾನು, "ಬನ್ನಿ", "ಇಂದೇ", "ತಪ್ಪದೇ" ಎಂಬ ಪದಗಳನ್ನು ಬೇರೆ ಬೇರೆಯಾಗಿ ಕತ್ತರಿಸಿ ಇಟ್ಟುಕೊಳ್ಳುತ್ತೇನೆ. ಗಿರಾಕಿ ಫೋನ್ ಮಾಡಿದರೆ ಆ ತುಣುಕುಗಳನ್ನು ಪೋಣಿಸಿ ಪೆನ್‌ಡ್ರೈವ್‌ಗೆ ಹಾಕಿ ಕೊಟ್ಟರೆ ಮುಗಿಯಿತು. ವರ್ಷಗಟ್ಟಲೆ ಕೂಡಿಟ್ಟ ಸಾವಿರಾರು ತುಣುಕು. ಪ್ರತಿಯೊಂದಕ್ಕೂ ಕನ್ನಡದಲ್ಲೇ ಚೆಂದಾಗಿ ಹೆಸರು ಕೊಟ್ಟಿದ್ದೆ.

ಆ ಹೆಸರುಗಳೇ ಕೈಕೊಟ್ಟವು. ಆಪರೇಷನ್ನಿಗೆ ಮೊದಲು ಹಳೆಯ ಕಂಪ್ಯೂಟರ್ ಉಸಿರುಗಟ್ಟುತ್ತಿದೆ ಎಂದು ರಿಪೇರಿ ಅಂಗಡಿಯವನಿಗೆ ಕೊಟ್ಟಿದ್ದೆ. ಆತ ಯಾವುದೋ ಓಬೀರಾಯನ ಕಾಲದ ಸಾಫ್ಟ್‌ವೇರಿನಿಂದ ಎಲ್ಲವನ್ನೂ ಒಂದು ಗಂಟು ಕಟ್ಟಿ ಹೊಸ ಡಿಸ್ಕಿಗೆ ಸಾಗಿಸಿ, ಹಳೆಯದನ್ನು ತೊಳೆದು ಸ್ವಚ್ಛ ಮಾಡಿಬಿಟ್ಟಿದ್ದ. ಗಂಟು ಬಿಚ್ಚಿದರೆ ಒಂದೂ ಹೆಸರಿಲ್ಲ. ಕನ್ನಡ ಇದ್ದ ಕಡೆಯೆಲ್ಲ ಪ್ರಶ್ನೆ ಚಿಹ್ನೆ, ಖಾಲಿ ಚೌಕ. ದನಿ ಒಳಗೆ ಇತ್ತು, ಯಾವ ದನಿ ಎಲ್ಲಿದೆ ಎಂಬುದು ದೇವರಿಗೇ ಗೊತ್ತು. ಅಂಗಡಿಯವನು, "ಇಂಗ್ಲಿಷ್‌ನ್ಯಾಗ ಹೆಸರ ಇಡಬೇಕಿತ್ತರಿ ಅಕ್ಕಾರ" ಎಂದ. ಬಾಯಿದ್ದರೆ ಅವನಿಗೆ ಸರಿಯಾಗಿ ಹೇಳುತ್ತಿದ್ದೆ.

ಹಾಗಾಗಿ ಮೌನದ ದಿನಗಳಲ್ಲಿ ನನಗೆ ಒಂದೇ ಕೆಲಸ. ಕೊರಳಿಗೆ ಒಂದು ಪಾಟಿ ಕಟ್ಟಿಕೊಂಡು, ಬಳಪ ಕೈಯಲ್ಲಿಟ್ಟುಕೊಂಡು, ಕಿವಿಗೆ ಹೆಡ್‌ಫೋನ್ ಹಾಕಿ ಕೂರುವುದು. ಪಟ್ಟಿಯಲ್ಲಿ ಒಂದು ಫೈಲು ಕೆಳಗಿಳಿದು ಸ್ಪೇಸ್ ಒತ್ತುವುದು, ಕೇಳುವುದು, ಹೆಸರಿಡುವುದು, ಮುಂದಿನದಕ್ಕೆ ಹೋಗುವುದು. ಊರಿಗೊಂದು ಫೋಲ್ಡರು, ಕಾಲಕ್ಕೊಂದು, ಸಾಮಾನಿಗೊಂದು. ಪದದ ಜೊತೆಗೆ ರಾಗವನ್ನೂ ಬರೆಯಬೇಕಿತ್ತು, ಯಾಕೆಂದರೆ ನನ್ನಲ್ಲಿ ಮೂರು ರಾಗಗಳಿವೆ: ಮಾರಾಟದ್ದು, ಸೂಚನೆಯದ್ದು, ಮರಣದ್ದು. ಮಾರಾಟದಲ್ಲಿ ಪದದ ಬಾಲ ಮೇಲೇಳುತ್ತದೆ. ಸೂಚನೆಯಲ್ಲಿ ನೆಲಕ್ಕೆ ಕೂರುತ್ತದೆ. ಮರಣದಲ್ಲಿ ಪ್ರತಿ ಪದದ ಮುಂದೆ ಸ್ವಲ್ಪ ತಡೆಯುತ್ತೇನೆ. ಕೆಲವು ಹಳೆಯ ತುಣುಕುಗಳ ಸ್ಯಾಂಪಲ್ ರೇಟ್, ಅಂದರೆ ದನಿ ಹಿಡಿದಿಟ್ಟ ವೇಗ, ಬೇರೆ ಇದ್ದು, ಹೊಸ ಕಂಪ್ಯೂಟರಿನಲ್ಲಿ ಅವು ಕೀಚಲು ದನಿಯಲ್ಲಿ ಓಡುತ್ತಿದ್ದವು. ಅವನ್ನು ಸರಿಪಡಿಸಿ ಮತ್ತೆ ಕೇಳಬೇಕು. ಕುಕ್ಕರ್ ಸೀಟಿ, ಬೆಕ್ಕು, ಅತ್ತೆ ನಡುವೆ ಬಂದದ್ದು, ನಾನು ಬೈದದ್ದು, ಇಂಥ ಉದ್ದುದ್ದ ಫೈಲುಗಳನ್ನು ಅರ್ಧಂಬರ್ಧ ಕೇಳಿ "ಕಸ" ಎಂಬ ಫೋಲ್ಡರಿಗೆ ಎಸೆಯುತ್ತಿದ್ದೆ. ಕೊನೆಗೆ ಒಮ್ಮೆಲೇ ಅಳಿಸಿದರಾಯಿತು ಅಂತ.

ಕೆಲಸ ಮಾಡುತ್ತ ಮಾಡುತ್ತ ಹೆದರಿಕೆ ಶುರುವಾಯಿತು. ದಿನವೆಲ್ಲ ಕಿವಿಯಲ್ಲಿ ನನ್ನದೇ ದನಿ, ಗಂಟಲಲ್ಲಿ ಮಾತ್ರ ಏನೂ ಇಲ್ಲ. ತೀರಿಹೋದವಳ ಟ್ರಂಕು ತೆಗೆದು ಸೀರೆ ವಿಂಗಡಿಸುತ್ತಿದ್ದೇನೆ ಅನ್ನಿಸುತ್ತಿತ್ತು. ದನಿ ವಾಪಸ್ಸು ಬರದಿದ್ದರೆ? ಪಾಟಿಯ ಮೇಲೆ ಬರೆದು ಅತ್ತೆಗೆ ತೋರಿಸಿದೆ. ಅವರು ಕನ್ನಡಕ ಏರಿಸಿ ಅಕ್ಷರ ಅಕ್ಷರ ಕೂಡಿಸಿ ಓದಿ, "ಬರದ ಎಲ್ಲಿಗೆ ಹೊಕ್ಕೈತಿ? ನಿನ್ನ ದನಿ ಕಂಡ್ರ ಯಮನೂ ಹಿಂದ ಸರೀತಾನ" ಅಂದರು. ಅಂದರೇನೋ ಅಂದರು, ಆ ಸಂಜೆ ದೇವರ ಮುಂದೆ ಒಂದು ಬತ್ತಿ ಹೆಚ್ಚಿಗೆ ಹಚ್ಚಿದ್ದನ್ನು ನೋಡಿದೆ.

ಅಷ್ಟರಲ್ಲಿ ಮೇಲ್ಗಡೆ, ಘಟ್ಟದಲ್ಲಿ, ಮಳೆ ಹಿಡಿಯಿತು. ನಮ್ಮಲ್ಲಿ ಬರೀ ಮೋಡ, ಜಿಟಿಜಿಟಿ. ಆದರೆ ನಮ್ಮ ಕಡೆ ಹೊಳೆಗೆ ನೀರು ಬರುವುದು ನಮ್ಮ ಮಳೆಯಿಂದಲ್ಲ. ಹೊಳೆಆಲೂರಿನ ಕಡೆಯವರು ಆಕಾಶ ನೋಡುವುದಿಲ್ಲ, ಡ್ಯಾಮಿನ ಸುದ್ದಿ ಕೇಳುತ್ತಾರೆ. ನನ್ನ ಅಕ್ಕ ಇರುವುದು ಹೊಳೆ ದಂಡೆಯ ಮೆಣಸಗಿಯ ಕೆಳಗಿನ ಓಣಿಯಲ್ಲಿ. ಭಾವ ದುಡಿಯಲು ಗೋವಾ ಕಡೆ ಹೋಗಿದ್ದರು. ಅಕ್ಕನ ಮಗಳು ಚೊಚ್ಚಲ ಬಾಣಂತನಕ್ಕೆ ತವರಿಗೆ ಬಂದು ಹಡೆದು, ಎಳೆಗೂಸಿನ ಜೊತೆ ಹಿತ್ತಲ ಕಡೆಯ ಕೋಣೆಯಲ್ಲಿ ಮಲಗಿದ್ದಳು. ಬಾಣಂತಿಯ ಕೋಣೆ ನಮ್ಮಲ್ಲಿ ಹೇಗಿರುತ್ತದೆ ಗೊತ್ತಲ್ಲ: ಕಿಟಕಿ ಮುಚ್ಚಿ, ಹೊರಸಿನ ಕೆಳಗೆ ಅಗ್ಗಿಷ್ಟಿಗೆ ಇಟ್ಟು, ಆಕೆಯ ಕಿವಿಗೆ ಹತ್ತಿ ತುರುಕಿ ಮೇಲೆ ಬಟ್ಟೆ ಬಿಗಿದಿರುತ್ತಾರೆ. ಗಾಳಿ ಸೋಕಿದರೆ ಜನ್ಮಪೂರ್ತಿ ತಲೆನೋವು ಎಂಬ ನಂಬಿಕೆ. ಮಗಳ ಕಿವಿಗೆ ಅಕ್ಕನೇ ಹತ್ತಿ ತುರುಕಿದ್ದಳು.

ಮಳೆಯ ಸುದ್ದಿ ಕೇಳಿದ ದಿನವೇ ನಾನು ಅಕ್ಕನಿಗೆ ಮೊಬೈಲಿನಲ್ಲಿ ಬರೆದು ಕಳಿಸಿದ್ದೆ: ರೋಣಕ್ಕೆ ಬಂದುಬಿಡ್ರಿ. ಅವಳಿಗೆ ಬರೆಯುವುದೆಂದರೆ ಬೇಸರ, ದನಿಯಲ್ಲೇ ಉತ್ತರ ಕಳಿಸಿದಳು. "ಪ್ರತೀ ವರ್ಷ ಇದ ಹಾಡು ತಂಗಿ. ನೀರ ಬಂತು ನೀರ ಬಂತು ಅಂತಾರ, ಓಣಿ ತುದಿಗೆ ಬಂದು ಕಾಲ ತೊಳಕೊಂಡು ಹೊಕ್ಕೈತಿ. ಹಸೀ ಮೈ ಬಾಣಂತಿನ್ನ ಈ ಗಾಳ್ಯಾಗ ಹೊರಗ ಹಾಕಲ್ಯಾ? ನೀ ಸುಮ್ನ ಬಾಯಿ ಮುಚಗೊಂಡು ಆರಾಮ ಇರು." ಅದಾದ ಮೇಲೆ ಆ ಕಡೆ ಕರೆಂಟು ಹೋಯಿತು. ಅವಳ ಫೋನು ಸ್ವಿಚ್ ಆಫ್ ಆಯಿತು.

ಮರುದಿನ ಮಧ್ಯಾಹ್ನ ಊಟದ ಹೊತ್ತಿಗೆ ನನ್ನ ಫೋನು ಹೊಡೆದುಕೊಂಡಿತು. ತಾಲ್ಲೂಕು ಕಚೇರಿಯ ಸಾಹೇಬರು. ಅತ್ತೆ ಎತ್ತಿಕೊಂಡು ಸ್ಪೀಕರಿಗೆ ಹಾಕಿದರು.

"ಡ್ಯಾಮಿಂದ ಭಾಳ ನೀರ ಬಿಟ್ಟಾರ್ರಿ. ಬೆಣ್ಣಿಹಳ್ಳಾನೂ ತುಂಬಿ ಬರಾಕತ್ತೈತಿ. ಎರಡೂ ಕೂಡಿದ್ರ ಮೆಣಸಗಿ ಕೆಳಗಿನ ಓಣಿ ಉಳಿಯಂಗಿಲ್ಲ. ಹೊತ್ತು ಮುಳಗೂದ್ರೊಳಗ ಮಂದಿ ಮ್ಯಾಲಿನ ಸರಕಾರಿ ಸಾಲಿಗೆ ಹೋಗಬೇಕು. ಮುಂಜಾನಿಂದ ನಮ್ಮವರು ಹೇಳಿ ಬಂದಾರ, ಯಾರೂ ಕದಲವಲ್ಲರು. ಮೇಡಮ್ಮಾರ ದನಿಯೊಳಗ ಲಗೂ ಒಂದು ಪ್ರಚಾರ ಮಾಡಿಸಿ ಕೊಡ್ರಿ, ಅವರ ದನಿ ಮಂದೀಗೆ ಗೊತ್ತೈತಿ."

"ಅಕಿಗೆ ದನೀನ ಇಲ್ಲಲ್ರೀ ಸಾಹೇಬ್ರ" ಎಂದರು ಅತ್ತೆ.

"ತುಣುಕು ಕೂಡಿಸಿ ಮಾಡತಾರಲ್ರಿ ಯಾವಾಗಲೂ? ಹಂಗ ಮಾಡಾಕ ಹೇಳ್ರಿ. ಹಳ್ಳಿಹಳ್ಳಿಗೆ ಬ್ಯಾರೆ ಬ್ಯಾರೆ ಗಾಡಿ ಕಳಸತೀವಿ."

ನನ್ನ ಕೈಯಲ್ಲಿನ ರೊಟ್ಟಿ ತುತ್ತು ಕೈಯಲ್ಲೇ ಉಳಿಯಿತು. ಕೆಳಗಿನ ಓಣಿ ಅಂದರೆ ಅಕ್ಕ, ಅವಳ ಮಗಳು, ಕಣ್ಣೂ ಸರಿಯಾಗಿ ಬಿಡದ ಕೂಸು. ನೀರು ಬಾಗಿಲಿಗೆ ಬಂದರೂ ಅಕ್ಕ ಎದ್ದು ಹೊರಡುವವಳಲ್ಲ, ನನಗೆ ಗೊತ್ತು. ಕೈ ತೊಳೆದು ಕಂಪ್ಯೂಟರಿನ ಮುಂದೆ ಕೂತೆ. ಅವಸರದಲ್ಲಿ ಪಾಸ್‌ವರ್ಡ್ ತಪ್ಪಾಯಿತು.

ಮೊದಲು ಪದ ಹುಡುಕಬೇಕು. ಊರುಗಳ ಫೋಲ್ಡರು ಅರ್ಧ ಮಾತ್ರ ಮುಗಿದಿತ್ತು, ಸವಡಿ ಇತ್ತು, ಹೊಳೆಆಲೂರು ಇತ್ತು, ಮೆಣಸಗಿ ಇನ್ನೂ ಪ್ರಶ್ನೆ ಚಿಹ್ನೆಗಳ ರಾಶಿಯಲ್ಲೇ ಬಿದ್ದಿತ್ತು. ಎಲ್ಲವನ್ನೂ ಕೇಳಲು ಹೊತ್ತಿರಲಿಲ್ಲ. ಊರಿನ ಹೆಸರು ಹಿಡಿದು ಜನರನ್ನು ಕರೆಯಲು ಎಷ್ಟು ಹೊತ್ತು ಬೇಕೋ ಅಷ್ಟು ಉದ್ದದ ಫೈಲುಗಳನ್ನು ಮಾತ್ರ ಬೇರೆ ಮಾಡಿ, ಪ್ರತಿಯೊಂದರ ಮೊದಲ ಅಕ್ಷರ ಕೇಳಿ ದಾಟುತ್ತ ಹೋದೆ. ನರೇ, ಇಟ, ಬೆಳ, ಸೂಡಿ, ಅಬ್ಬಿ. ಯವ್ವಾ, ಒಂದಾದರೂ "ಮೆ" ಸಿಗಲಪ್ಪ ಎಂದು ಮನಸ್ಸಿನಲ್ಲೇ ಬೇಡಿಕೊಳ್ಳುತ್ತಿದ್ದೆ. ಸಿಕ್ಕಿತು. "ಮೆಣಸಗಿ ಗ್ರಾಮದ ಸಮಸ್ತ ನಾಗರಿಕರೇ!" ಗಜೇಂದ್ರಗಡದ ಸೀರೆ ಅಂಗಡಿಗೆ ಹೇಳಿದ್ದು, ಬಾಲ ಮೇಲೆದ್ದ ಮಾರಾಟದ ರಾಗ. ಇರಲಿ ಅಂದುಕೊಂಡೆ.

"ಹೊಳೆ" ಎಂಬ ಪದ ಎಲ್ಲೂ ಬಿಡಿಯಾಗಿ ಇರಲಿಲ್ಲ. "ಹೊಳೆಆಲೂರು" ತೆಗೆದು ಅದರ ತಲೆ ಕತ್ತರಿಸಿಕೊಂಡೆ. ಅಲ್ಲಿ ಎರಡು ಸ್ವರ ಒಂದಕ್ಕೊಂದು ಅಂಟಿರುತ್ತವೆ. ಅಲೆಯ ಗೆರೆ ಎಲ್ಲಿ ಸೊನ್ನೆಗಿಳಿಯುತ್ತದೋ ಅಲ್ಲೇ ಕೊಯ್ಯಬೇಕು, ಇಲ್ಲದಿದ್ದರೆ ಹಾರ್ನಿನಲ್ಲಿ ಟಪ್ ಎನ್ನುತ್ತದೆ. "ನೀರು" ನಳದ ಸೂಚನೆಯಿಂದ ಬಂತು. "ಖಾಲಿ" ಬಂದದ್ದು ಸ್ಟಾಕ್ ಖಾಲಿಯಾಗುವ ಮುನ್ನ ಎಂಬುದರಿಂದ. "ಸರ್ಕಾರಿ ಶಾಲೆಯ ಆವರಣಕ್ಕೆ" ಕಣ್ಣಿನ ಶಿಬಿರದಿಂದ. ಒಂದೊಂದರ ಜೋರು ಒಂದೊಂದು ತರ, ಎಲ್ಲವನ್ನೂ ಸಮ ಮಾಡಿ, ಹಾರ್ನಿಗೆ ಬೇಡವಾದ ಕೆಳಗಿನ ಗುಂಯ್‌ಗುಡುವಿಕೆ ತೆಗೆದು, ಪದಗಳ ನಡುವೆ ಉಸಿರಿನಷ್ಟು ಜಾಗ ಬಿಟ್ಟು ಜೋಡಿಸಿದೆ. ಕೆಲಸ ಅಂತೂ ಅಚ್ಚುಕಟ್ಟಾಗಿತ್ತು.

ಹೊರಗೆ ಪ್ರಚಾರದ ಆಟೋದವರು ಬಂದು ನಿಂತಿದ್ದರು. ವಯಸ್ಸಾದ ಮನುಷ್ಯ, ಬಹಳ ವರ್ಷಗಳಿಂದ ನನ್ನ ದನಿ ಹೊತ್ತು ತಿರುಗಿದವರು. ಪೆನ್‌ಡ್ರೈವ್ ಹಾಕಿ ಓಣಿಯಲ್ಲೇ ಒಮ್ಮೆ ನುಡಿಸಿದರು. "ಮೆಣಸಗಿ ಗ್ರಾಮದ ಸಮಸ್ತ ನಾಗರಿಕರೇ! ಇಂದು! ಹೊಳೆ! ನೀರು..." ಎದುರು ಮನೆಯ ಬಾಗಿಲು ತೆರೆಯಿತು. ಅಲ್ಲಿನ ಹೆಣ್ಣುಮಗಳು ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದು ಕೇಳಿದಳು: "ಯಾವ ಅಂಗಡ್ಯಾಗ್ರಿ ಸೇಲು?"

ಆಟೋದವರು ನನ್ನ ಮುಖ ನೋಡಿದರು. "ಅಕ್ಕಾರ, ತಪ್ಪ ತಿಳೀಬ್ಯಾಡ್ರಿ. ಇದನ್ನ ಕೇಳಿ ಮಂದಿ ಓಡಂಗಿಲ್ಲ, ಚೀಲಾ ಹಿಡಕೊಂಡು ಬರತಾರ."

ಪದಗಳೆಲ್ಲ ಸರಿಯಾಗಿದ್ದವು, ಅವಳು ಪದ ಕೇಳಿರಲೇ ಇಲ್ಲ. ಇಷ್ಟು ವರ್ಷ ಈ ಜನಕ್ಕೆ ನಾನು ಕಲಿಸಿದ್ದು ಅದನ್ನೇ: ಈ ಹೆಂಗಸು ಕೂಗಿದರೆ ಎಲ್ಲೋ ಏನೋ ಅಗ್ಗ ಸಿಗುತ್ತದೆ. ಅಕ್ಕನೂ ಅದನ್ನೇ ಕೇಳಿ, ತಂಗಿಯ ದನಿ ಚಲೋ ಐತಿ ಅಂದುಕೊಂಡು ಅಗ್ಗಿಷ್ಟಿಗೆಗೆ ಇದ್ದಿಲು ಹಾಕುತ್ತ ಕೂರುತ್ತಾಳೆ.

ಒಳಗೆ ಓಡಿದೆ. ಪ್ರಶ್ನೆ ಚಿಹ್ನೆಗಳ ರಾಶಿಯಲ್ಲಿ ಮರಣದ ರಾಗದ ತುಣುಕು ಹುಡುಕಿದೆ. ಅಲ್ಲೊಂದು "ಮೆಣಸಗಿ ಗ್ರಾಮದ" ಸಿಕ್ಕಿತು. ಯಾವುದೋ ಹಿರಿಯರು ಹೋದಾಗ ಹೇಳಿದ್ದು. ಪದದ ಮುಂದೆ ಆ ತಡೆ, ಆ ಇಳಿದ ದನಿ. ಸ್ಪೇಸ್ ಒತ್ತಿ ಕೇಳಿದವಳೇ ನಿಲ್ಲಿಸಿಬಿಟ್ಟೆ. ಅಕ್ಕನ ಊರಿನ ಹೆಸರನ್ನು ಆ ರಾಗದಲ್ಲಿ ಇಂದು ಕೇಳಲಾರೆ ಅನ್ನಿಸಿತು. ಅಪಶಕುನ ಅಂತೀರೋ ಏನಂತೀರೋ, ಅದನ್ನು ಬದಿಗೆ ಸರಿಸಿಬಿಟ್ಟೆ.

"ನೀವ ಹೇಳ್ರಿ" ಎಂದು ಪಾಟಿಯಲ್ಲಿ ಬರೆದು ಆಟೋದವರನ್ನು ಮೈಕಿನ ಮುಂದೆ ಕೂರಿಸಿದೆ. ಅವರು ಎರಡು ಪದ ಹೇಳಿ ಬೆವೆತರು. "ನನ್ನ ದನಿ ಯಾರಿಗೆ ಗೊತ್ತೈತ್ರಿ? ಮುಂಜಾನಿ ಪೊಲೀಸರ ಮಾತ ಕೇಳದ ಮಂದಿ ನನ್ನ ಮಾತ ಕೇಳತಾರ?" ಅತ್ತೆ ನಾನು ಹೇಳುತ್ತೇನೆ ಎಂದು ಕೂತರು. ಹಲ್ಲಿಲ್ಲದ ಬಾಯಲ್ಲಿ "ಸಮಸ್ತ" ಎಂಬುದು ಹೊರಡಲೇ ಇಲ್ಲ.

ಉಳಿದದ್ದು ನನ್ನ ಗಂಟಲು. ಮೈಕಿನ ಹತ್ತಿರ ಹೋಗಿ ಬಾಯಿ ತೆರೆದೆ. ದನಿ ಬರಲಿಲ್ಲ, ಉಸಿರು ಮಾತ್ರ ಬಂತು, ಅದರ ಹಿಂದೆಯೇ ಮುಳ್ಳು ಎಳೆದ ಹಾಗೆ ನೋವು. ಇನ್ನೊಮ್ಮೆ ಎಳೆದೆ. ಅತ್ತೆ ಹಿಂದಿನಿಂದ ಬಂದು ತಮ್ಮ ಅಂಗೈಯಿಂದ ನನ್ನ ಬಾಯಿ ಮುಚ್ಚಿದರು. "ಬ್ಯಾಡವಾ, ಬ್ಯಾಡ. ಬರದ ದನಿಯಿಂದ ಊರೂ ಉಳಿಯಂಗಿಲ್ಲ, ನೀನೂ ಉಳಿಯಂಗಿಲ್ಲ" ಎಂದರು. ಅತ್ತೆ ಹೆದರಿದ್ದನ್ನು ನಾನು ಅದಕ್ಕೆ ಮೊದಲು ಒಮ್ಮೆ ಮಾತ್ರ ನೋಡಿದ್ದೆ, ಗ್ಯಾಸಿನ ದಿನ.

ಗ್ಯಾಸಿನ ದಿನ!

ಎರಡು ಬೇಸಿಗೆಯ ಹಿಂದೆ ನಾನು ರೆಕಾರ್ಡ್ ಮಾಡುತ್ತ ಕೂತಿದ್ದಾಗ ಅಡುಗೆಮನೆಯ ಸಿಲಿಂಡರು ಸೋರಿ ವಾಸನೆ ಮನೆ ತುಂಬಿತ್ತು. ಅತ್ತೆ ಹೊರಗೆ ಬಂದವರು ತಿರುಗಿ ಒಳಗೆ ನುಗ್ಗಿದ್ದರು, ವರ್ಷದ ಉಪ್ಪಿನಕಾಯಿ ಭರಣಿ ತರಲಿಕ್ಕೆ. ನಾನು ಬಾಗಿಲಲ್ಲಿ ನಿಂತು ಹುಚ್ಚಿಯ ಹಾಗೆ ಒದರಿದ್ದೆ. ಮೈಕು ಚಾಲೂ ಇತ್ತು. ಆ ಫೈಲು ಇರಲೇಬೇಕು, ಇದ್ದರೆ ಕಸದಲ್ಲಿರಬೇಕು.

ಕಸದ ಫೋಲ್ಡರು ತೆಗೆದೆ. ಅಳಿಸಿರಲಿಲ್ಲ, ಪುಣ್ಯ. ಉದ್ದದ ಪ್ರಕಾರ ಸಾಲು ಮಾಡಿದೆ, ಮೈಕು ಮರೆತ ಫೈಲುಗಳು ಉದ್ದ ಇರುತ್ತವೆ. ಕೇಳುತ್ತ ಕೂರಲಿಲ್ಲ, ಕಣ್ಣಿನಿಂದ ಹುಡುಕಿದೆ. ಓದಿದ ಮಾತಿನ ಗೆರೆ ಜೋಳದ ತೆನೆಗಳ ಸಾಲಿನಂತೆ ಒಂದೇ ಸಮ ಇರುತ್ತದೆ. ಒಂದು ಫೈಲಿನಲ್ಲಿ ಮಾತ್ರ ಸಮ ಹೋಗಿ ಹೋಗಿ, ಆಮೇಲೆ ಮೌನ, ಆಮೇಲೆ ಮೇಲಿಂದ ಕೆಳಗೆ ಅಂಚು ಮುಟ್ಟಿ ಚಪ್ಪಟೆಯಾದ ದಪ್ಪ ಗೆರೆ. ಅಷ್ಟು ಜೋರಿಗೆ ಮೈಕು ತಡೆಯದೆ ದನಿ ಒಡೆದಿತ್ತು. ನಮ್ಮ ಕಸುಬಿನಲ್ಲಿ ಅದು ಕೆಟ್ಟ ಮಾಲು. ಸ್ಪೇಸ್ ಒತ್ತಿದೆ.

"ಯವ್ವಾ! ಹೊರಗ ಬರ್ರೀ! ಏ, ಕೇಳಸ್ತೈತೋ ಇಲ್ಲೋ? ಉಪ್ಪಿನಕಾಯಿ ಬಿಡ್ರೀ! ನಿಮ್ಮ ಕಾಲಿಗೆ ಬೀಳತೀನಿ, ಜೀವಾ ಮೊದಲ, ಹೊರಗ ಬರ್ರೀ!"

ಆಟೋದವರು ಕೂತಲ್ಲಿಂದ ಎದ್ದುನಿಂತರು. ಬಾಗಿಲ ಕಡೆ ಒಂದು ಹೆಜ್ಜೆಯನ್ನೂ ಇಟ್ಟಿದ್ದರು. "ಇದ ನೋಡ್ರಿ" ಎಂದರು.

ಇದು ಆಗುತ್ತದೆ ಎಂದು ಗೊತ್ತಾಯಿತು, ಆದರೂ ಹೆದರಿದೆ. ಇಂಥದ್ದನ್ನು ಹಾರ್ನಿನಲ್ಲಿ ಬಿಟ್ಟರೆ ಜನ ಗಾಬರಿಯಾಗಿ ಬಿದ್ದು ಕಾಲ್ತುಳಿತವಾದರೆ? ಎಲ್ಲಿಗೆ ಹೋಗಬೇಕು ಎಂದು ತಿಳಿಯದೆ ಹೊಳೆಯ ಕಡೆಗೇ ಓಡಿದರೆ? ಹಾಗಾಗಿ ಹೀಗೆ ಜೋಡಿಸಿದೆ: ಮೊದಲು ಆ ಕೂಗು. ಅದಾದ ಮೇಲೆ ಸ್ವಲ್ಪ ಮೌನ. ಆಮೇಲೆ ನಿಧಾನವಾಗಿ, ಮರಣದ ರಾಗದಲ್ಲೇ, "ಮೆಣಸಗಿ ಗ್ರಾಮದ" ಎಂಬ ಆ ತುಣುಕು. ಕಣ್ಣು ಮುಚ್ಚಿಕೊಂಡು ಅದನ್ನು ಎಳೆದು ತಂದು ಕೂರಿಸಿದೆ. ನಂತರ ಸೂಚನೆಯ ರಾಗದಲ್ಲಿ ಕೆಳಗಿನ ಓಣಿ, ಹೊಳೆ ನೀರು, ಸಂಜೆಯೊಳಗೆ, ಶಾಲೆಗೆ. ಕೊನೆಗೆ ಮತ್ತೆ ಕೂಗು. ಒಡೆದ ದನಿಯನ್ನು ತಿದ್ದಲಿಲ್ಲ.

"ಉಪ್ಪಿನಕಾಯಿ" ಪದವನ್ನು ತೆಗೆಯಬೇಕು ಅಂತ ಪ್ರಯತ್ನಪಟ್ಟೆ. ಅದು ಹಿಂದಿನ ಮುಂದಿನ ಪದಗಳ ಜೊತೆ ಒಂದೇ ಉಸಿರಿನಲ್ಲಿತ್ತು, ಎಲ್ಲಿ ಕೊಯ್ದರೂ ಕೂಗು ಸತ್ತುಹೋಗುತ್ತಿತ್ತು. ಅಷ್ಟರಲ್ಲಿ ಕರೆಂಟು ಹೋಗಿ ಯುಪಿಎಸ್ ಬಡಿದುಕೊಳ್ಳತೊಡಗಿತು. ಅತ್ತೆ ಬೆನ್ನ ಹಿಂದೆ, "ಅಯ್ಯ ಶಿವನ! ಇಡೀ ತಾಲ್ಲೂಕಿಗೆ ನನ್ನ ಉಪ್ಪಿನಕಾಯಿ ಸುದ್ದಿ ಹೇಳತೀಯೇನ?" ಎಂದು ಹಣೆ ಹಣೆ ಬಡಿದುಕೊಂಡರು. ನಾನು ತಿರುಗಿ ನೋಡಿದೆ. ನನ್ನ ಮುಖದಲ್ಲಿ ಏನು ಕಂಡಿತೋ, "ಹೋಗಲಿ ಬಿಡು, ಜೀವಕ್ಕಿಂತ ಮಾನ ದೊಡ್ಡದಲ್ಲ. ಹಂಗ ಕಳಸು" ಎಂದರು. ಹಾಗೆಯೇ ಕಳಿಸಿದೆ.

ನಾನೂ ಬರುತ್ತೇನೆ ಎಂದು ಆಟೋ ಹತ್ತಿದೆ. ಆಟೋದವರು ಕೈಮುಗಿದು ಇಳಿಸಿದರು. "ನರಗುಂದದ ಗಾಡಿ ಬರಾಕತ್ತಾವ್ರಿ, ಹೊಳೆಆಲೂರಿಗೆ ಬ್ಯಾರೇದು ಮಾಡಿ ಕೊಡಬೇಕು ನೀವು. ನಿಮ್ಮ ಅಕ್ಕಾರ ಮನಿ ಮುಂದ ನಾ ಗಾಡಿ ನಿಲ್ಲಸತೀನಿ." ಪಾಟಿಯ ಮೇಲೆ ಬೇವಿನ ಗಿಡ, ಬೋರಿಂಗು, ಅದರ ಪಕ್ಕದ ಮನೆ ಎಂದು ಚಿತ್ರ ಬರೆದು ತೋರಿಸಿದೆ. ಅವರು ಹೋದರು. ಉಳಿದ ಊರುಗಳ ಹೆಸರು ಹುಡುಕಿ, ಯುಪಿಎಸ್ ಸಾಯುವ ತನಕ ಕೂಡಿಸುತ್ತ, ಬಂದ ಗಾಡಿಗಳಿಗೆ ಕೊಡುತ್ತ ಹೋದೆ.

ಕಂಪ್ಯೂಟರು ಆರಿದ ಮೇಲೆ ಮಾಡಲು ಏನೂ ಇರಲಿಲ್ಲ, ಅದೇ ಎಲ್ಲಕ್ಕಿಂತ ಕಷ್ಟವಾಯಿತು. ಅಕ್ಕನಿಗೆ ಫೋನ್ ಹಚ್ಚುವುದು, ಸ್ವಿಚ್ ಆಫ್ ಎಂಬುದನ್ನು ಕೇಳುವುದು, ಮತ್ತೆ ಹಚ್ಚುವುದು. ಸಂಜೆ ಕಳೆದು ಆಟೋದವರು ಕೆಸರಿನಲ್ಲಿ ಅದ್ದಿದಂತಾಗಿ ಬಂದರು. "ಮಂದಿ ಹೊಂಟಾರ್ರಿ. ದನಾ ಹೊಡಕೊಂಡು, ಮುದುಕರನ್ನ ಹೊತಗೊಂಡು ಹೊಂಟಾರ. ಬೇವಿನ ಗಿಡದ ತನಕ ಹೋಗಾಕ ಆಗಲಿಲ್ಲ ನನಗ, ಓಣಿ ತುದಿಗೆ ನೀರ ಬಂದಿತ್ತು, ಪೊಲೀಸರು ಗಾಡಿ ಹಿಂದಕ್ಕ ಹೊಳ್ಳಿಸಿದ್ರು. ಅಲ್ಲೇ ನಿಂತು ಹಾರ್ನು ಆ ಕಡೆ ತಿರುಗಿಸಿ ಎಷ್ಟು ಸಲ ನುಡಿಸಿದೆ ಗೊತ್ತಿಲ್ಲ. ನಿಮ್ಮ ಅಕ್ಕಾರು ಬಂದ್ರೋ ಇಲ್ಲೋ ಕಾಣಲಿಲ್ಲ."

ಹಾರ್ನಿನ ದನಿ ಗಾಳಿಗೆ ಎದುರಾಗಿ ಎಷ್ಟು ದೂರ ಹೋಗುತ್ತದೆ ಎಂಬ ಲೆಕ್ಕ ನನಗೆ ಗೊತ್ತು. ಅದು ಗೊತ್ತಿರದಿದ್ದರೆ ಚೆನ್ನಾಗಿತ್ತು. ಗಾಳಿ ಹೊಳೆಯ ಕಡೆಯಿಂದ ಬೀಸುತ್ತಿತ್ತು. ಮನೆಯಲ್ಲಿ ಅಕ್ಕ ಒಬ್ಬಳೇ ಕೇಳಬಲ್ಲವಳು, ಮಗಳ ಕಿವಿಯಲ್ಲಂತೂ ಹತ್ತಿ. ಆ ರಾತ್ರಿ ಅತ್ತೆ ನನ್ನ ಪಕ್ಕದಲ್ಲೇ ಮಲಗಿ ನನ್ನ ಕೈ ಹಿಡಿದುಕೊಂಡಿದ್ದರು. ಅಳುವುದಕ್ಕೂ ದನಿ ಬೇಕು ಎಂದು ನನಗೆ ಆಗ ಗೊತ್ತಾಯಿತು.

ಬೆಳಕು ಹರಿಯುತ್ತಲೇ ಅದೇ ಆಟೋದಲ್ಲಿ ಹೋದೆವು. ಗುಡ್ಡದ ದಿಬ್ಬದ ಮೇಲಿನ ಶಾಲೆಯಲ್ಲಿ ಗಂಜಿ ಕೇಂದ್ರ ಮಾಡಿದ್ದರು. ಅಲ್ಲಿಂದ ಕೆಳಗೆ ನೋಡಿದರೆ ಓಣಿ ಇದ್ದ ಕಡೆ ಕೆಂಪು ನೀರು ನಿಂತಿತ್ತು, ಬೇವಿನ ಗಿಡದ ತಲೆ ಕಾಣುತ್ತಿತ್ತು. ಒಂದೊಂದೇ ಕೋಣೆಯೊಳಗೆ ಇಣುಕುತ್ತ ಹೋದೆ. ಹೆಸರು ಹಿಡಿದು ಕೂಗುವಂತಿಲ್ಲ. ಮುಖ ನೋಡಬೇಕು, ಮುಂದಿನ ಮುಖಕ್ಕೆ ಹೋಗಬೇಕು. ಎರಡು ಕಡೆ ಅಕ್ಕನಂಥದೇ ಬೆನ್ನು ಕಂಡು ಮುಟ್ಟಿದೆ, ತಿರುಗಿದರೆ ಬೇರೆಯವರು.

ಕೊನೆಯ ಕೋಣೆಯಲ್ಲಿ ಕರಿಹಲಗೆಯ ಕೆಳಗೆ ಎರಡು ಬೆಂಚು ಕೂಡಿಸಿ ಕೌದಿ ಹಾಸಿದ್ದರು. ಅದರ ಮೇಲೆ ತಲೆಗೆ ಕಿವಿಗೆ ಬಟ್ಟೆ ಬಿಗಿದುಕೊಂಡು ಅಕ್ಕನ ಮಗಳು ಗೋಡೆಗೆ ಒರಗಿ ಕೂಸಿಗೆ ಹಾಲು ಕುಡಿಸುತ್ತಿದ್ದಳು. ಬೆಂಚಿನ ಕೆಳಗೆ, ನನ್ನಾಣೆ, ಅಗ್ಗಿಷ್ಟಿಗೆ. ಅಕ್ಕ ಅದಕ್ಕೆ ಊದುತ್ತ ಕೂತಿದ್ದವಳು ತಲೆ ಎತ್ತಿದಳು. ನಾನು ಬಾಗಿಲಲ್ಲೇ ಕೂತುಬಿಟ್ಟೆ.

ಅವಳು ಬಂದು ಮೊದಲು ನನ್ನ ಬೆನ್ನಿಗೆ ಒಂದು ಗುದ್ದಿದಳು. "ಏನ್ ಒದರತೀಯ ನಿನ್ನೂರ ಹಾಳಾಗ! ಅಟ್ಟದ ಮ್ಯಾಲ ಸಾಮಾನ ಏರಸಾಕತ್ತಿದ್ದೆ. ಕೈಯಾಗ ಉಪ್ಪಿನಕಾಯಿ ಭರಣಿ ಹಿಡಕೊಂಡೀನಿ, ಗಾಳ್ಯಾಗ ನಿನ್ನ ದನಿ ಬಂತು, ಉಪ್ಪಿನಕಾಯಿ ಬಿಡ್ರೀ ಅಂತ! ಎದಿ ಧಸಕ್ಕಂತು ನನಗ. ಇಕಿ ಎಲ್ಲಿ ನಿಂತು ನನ್ನ ನೋಡಾಕತ್ತಾಳ ಅಂತ ಸುತ್ತೆಲ್ಲ ನೋಡಿದೆ."

ಅತ್ತೆ ಸೆರಗಿನಲ್ಲಿ ಮುಖ ಮುಚ್ಚಿಕೊಂಡರು. ನಗುತ್ತಿದ್ದರೋ ಅಳುತ್ತಿದ್ದರೋ ತಿಳಿಯಲಿಲ್ಲ.

"ಯಾವಾಗಲೂ ಸಮಸ್ತ ನಾಗರಿಕರೇ ಅಂತೀದಿ" ಎಂದಳು ಅಕ್ಕ. ಈಗ ಅವಳ ದನಿ ಇಳಿದಿತ್ತು. "ಆ ಮಾತಿಗೆ ನಾ ಏಳತಿದ್ದಿಲ್ಲ ತಂಗಿ, ಖರೇ ಹೇಳತೀನಿ. ಹಾರ್ನಿನ್ಯಾಗ ನೀ ನಮ್ಮಂಗ ಮಾತಾಡಿದ್ದು ನಾ ಇವತ್ತಿನ ತನಕ ಕೇಳಿಲ್ಲ. ಕಾಲಿಗೆ ಬೀಳತೀನಿ ಅಂದಿ. ನೀ ಯಾರ ಕಾಲಿಗೆ ಬಿದ್ದಾಕಿ? ಆಗಿಂದಾಗ ಭರಣಿ ಅಲ್ಲೇ ಒಗದು, ಕೂಸಿನ್ನ ಉಡ್ಯಾಗ ಕಟಗೊಂಡು, ಇಕಿನ್ನ ಎಬ್ಬಿಸಿಕೊಂಡು ಬಂದೆ. ಬೇವಿನ ಗಿಡ ದಾಟೂದ್ರಾಗ ಹಿತ್ತಲ ಗ್ವಾಡಿ ಬಿದ್ದ ಸಪ್ಪಳ ಕೇಳಿಸ್ತು. ಇವರು ಮಲಗತಿದ್ದ ಕ್ವಾಣಿದು."

ನಾನು ಪಾಟಿಗಾಗಿ ಕೊರಳು ತಡವಿದೆ. ಮನೆಯಲ್ಲೇ ಬಿಟ್ಟು ಬಂದಿದ್ದೆ. ಎದ್ದು ಬೆಂಚಿನ ಹತ್ತಿರ ಹೋಗಿ ಕೂಸಿನ ಅಂಗಾಲು ಮುಟ್ಟಿದೆ, ಬೆಚ್ಚಗಿತ್ತು. ಏನೇನೋ ಹೇಳಬೇಕಿತ್ತು, ತುಟಿ ಅಲುಗಾಡಿ ನಿಂತುಹೋಯಿತು. ಅಕ್ಕನ ಮಗಳು ನನ್ನ ತುಟಿ ಅಲುಗಿದ್ದನ್ನು ನೋಡಿ, ಹತ್ತಿ ತುಂಬಿದ ಕಿವಿಯ ಬಟ್ಟೆ ಒಂದಿಷ್ಟು ಸರಿಸಿ, ಜೋರಾಗಿ ಅವ್ವನನ್ನು ಕೇಳಿದಳು: "ಚಿಗವ್ವ ಏನಂತಾಳಬೇ?"

ಅಕ್ಕ ಆ ಬಟ್ಟೆಯನ್ನು ಮತ್ತೆ ಬಿಗಿದು ಕಟ್ಟಿದಳು.

"ಏನೂ ಅನ್ನಂಗಿಲ್ಲ. ನಿನ್ನಿ ಹಾರ್ನಿನ್ಯಾಗ ಎಲ್ಲಾ ಅಂದು ಮುಗಿಸ್ಯಾಳ" ಎಂದಳು.